ಮೊದಲ ಕರಡು ನಮಗೆ, ಎರಡನೆಯದು ಓದುಗರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ಹೊಸತರಲ್ಲಿ ಎಷ್ಟೋ ವಿದ್ಯಾರ್ಥಿಗಳು ಒಂದು ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿಯವರೆಗೆ ಅವರು ಚೆನ್ನಾಗಿಯೇ ಬರೆಯುತ್ತಿದ್ದವರು. ಪಾಠ ಓದಿ, ನೆನಪಿಟ್ಟುಕೊಂಡು, ಕೇಳಿದ್ದಕ್ಕೆ ಉತ್ತರ ಬರೆದರೆ ಅಂಕ ಬರುತ್ತಿತ್ತು. ಈಗ ಅದೇ ರೀತಿ ಬರೆದ ಅಸೈನ್‌ಮೆಂಟ್ ವಾಪಸ್ ಬಂದಾಗ ಅಂಚಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ‘ಇದರಲ್ಲಿ ನಿಮ್ಮ ವಾದ ಏನು?’ ವಿಷಯ ಎಲ್ಲಾ ಬರೆದಿದ್ದೇನಲ್ಲ, ಇನ್ನೇನು ಬೇಕು ಅನ್ನಿಸುತ್ತದೆ.

ಪರೀಕ್ಷೆಯ ಉತ್ತರವನ್ನು ಓದುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ನಮಗೆ ಗೊತ್ತಿದೆಯೋ ಇಲ್ಲವೋ ಅಂತ ಅವರು ನೋಡುತ್ತಾರೆ, ಅಷ್ಟೆ. ಪ್ರಬಂಧದ ಓದುಗರು ಹಾಗಲ್ಲ. ನಾವು ಏನು ಹೇಳಹೊರಟಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಹೇಳಿದ ಮೇಲೂ ಸುಮ್ನೆ ಒಪ್ಪುವುದಿಲ್ಲ. ‘ಹೇಗೆ ಹೇಳ್ತೀರಿ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಬರುವ ಜಾಗವನ್ನು ಮೊದಲೇ ಊಹಿಸಿ, ಅಲ್ಲಿಯೇ ಉತ್ತರ ಇಡಬೇಕು. ವಿಶ್ವವಿದ್ಯಾಲಯದ ಬರವಣಿಗೆಯಲ್ಲಿ ಕಲಿಯಬೇಕಾದ ದೊಡ್ಡ ಕೆಲಸ ಇದು.

ಆದರೆ ಹೆಚ್ಚಿನವರು ಕಲಿಯಲು ಹೊರಡುವುದು ಬೇರೆಯದನ್ನೇ. ದೊಡ್ಡ ದೊಡ್ಡ ಪದ, ಉದ್ದುದ್ದ ವಾಕ್ಯ. ಸುಲಭವಾಗಿ ಬರೆದರೆ ಪಾಂಡಿತ್ಯ ಕಾಣುವುದಿಲ್ಲ ಎಂಬ ಭಯ ಅದು. ಈ ಭಯದಿಂದ ಹುಟ್ಟುವ ವಾಕ್ಯ ಹೇಗಿರುತ್ತದೆ, ಕೇಳಿ.

‘ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಫೋನ್ ಮಾನವನ ಜೀವನದ ಅವಿಭಾಜ್ಯ ಅಂಗವಾಗಿ ಪರಿಣಮಿಸಿದ್ದು, ಇದರಿಂದ ಅನುಕೂಲ ಮತ್ತು ಅನಾನುಕೂಲ ಎರಡೂ ಇವೆ ಎಂಬುದು ಸರ್ವವಿದಿತ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಬರೆಯಲು ಏನನ್ನೂ ಓದಬೇಕಾಗಿಲ್ಲ, ಏನನ್ನೂ ಯೋಚಿಸಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಹೇಳುವುದಾದರೆ ಮುಂದೆ ಓದುವುದೇಕೆ, ಅಲ್ವಾ? ಈ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ‘ಫೋನ್ ಬಗ್ಗೆ ನಿಮಗೆ ನಿಜವಾಗಿ ತಿಳಿಯಬೇಕಿರುವುದು ಏನು?’ ಅಂತ ಕೇಳಿದರೆ ಅವರು ಬೇರೆಯೇ ಮಾತಾಡುತ್ತಾರೆ. ‘ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಎಲ್ಲರೂ ಮಲಗಿಕೊಂಡೇ ಫೋನ್ ನೋಡ್ತಾರೆ. ಬೆಳಿಗ್ಗೆ ಮೊದಲ ಕ್ಲಾಸಿಗೆ ಅರ್ಧ ಜನ ಇರಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ.’ ಪ್ರಬಂಧ ಇಲ್ಲಿದೆ! ಇದನ್ನೇ ಪ್ರಶ್ನೆ ಮಾಡಿಕೊಳ್ಳಬಹುದು: ‘ಮಲಗುವ ಮುನ್ನ ತುಂಬಾ ಹೊತ್ತು ಫೋನ್ ನೋಡುವ ವಿದ್ಯಾರ್ಥಿಗಳು ಬೆಳಗಿನ ಮೊದಲ ತರಗತಿಯನ್ನು ಬೇರೆಯವರಿಗಿಂತ ಜಾಸ್ತಿ ತಪ್ಪಿಸುತ್ತಾರೆಯೇ?’ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುತ್ತದೆ. ಹಾಜರಿ ಪುಸ್ತಕ ನೋಡಬಹುದು, ಜನರನ್ನು ಕೇಳಬಹುದು. ‘ತುಂಬಾ ಹೊತ್ತು’ ಅಂದರೆ ಎಷ್ಟು ಅಂತ ನಿರ್ಧರಿಸಬೇಕಾಗುತ್ತದೆ. ತಡವಾಗಿ ಮಲಗಿದ್ದಕ್ಕೆ ಫೋನ್ ಕಾರಣವೋ, ನಿದ್ದೆ ಬಾರದವರು ಫೋನ್ ಹಿಡಿಯುತ್ತಾರೋ ಎಂಬ ಇನ್ನೊಂದು ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ನೋಡಿ, ಅವಿಭಾಜ್ಯ ಅಂಗವನ್ನು ಕೈಬಿಟ್ಟ ಕೂಡಲೇ ಯೋಚನೆ ಶುರುವಾಯಿತು.

ಇಂಥ ಪ್ರಶ್ನೆ ಬರೆಯಲು ಕೂತ ಕೂಡಲೇ ಸಿಗುವುದಿಲ್ಲ. ಬರೆಯುತ್ತಾ ಬರೆಯುತ್ತಾ ಸಿಗುತ್ತದೆ. ಹಾಗಾಗಿ ಮೊದಲ ಕರಡನ್ನು ನಮಗಾಗಿಯೇ ಬರೆದುಕೊಳ್ಳಬೇಕು. ಅದು ಒರಟಾಗಿರಲಿ, ಅರ್ಧಂಬರ್ಧ ಇರಲಿ. ‘ಇಲ್ಲಿ ಇನ್ನೊಂದು ಉದಾಹರಣೆ ಬೇಕು’ ಅಂತ ಮಧ್ಯದಲ್ಲೇ ಬರೆದಿಡಿ. ಮಾತೃಭಾಷೆಯಲ್ಲಿ ಯೋಚಿಸಿ ಇನ್ನೊಂದು ಭಾಷೆಯಲ್ಲಿ ಬರೆಯಬೇಕಾದವರು ಈ ಕರಡಿನಲ್ಲಿ ಎರಡು ಭಾಷೆ ಬೆರೆಸಿದರೂ ಏನೂ ನಷ್ಟವಿಲ್ಲ. ಪದ ಹುಡುಕುತ್ತಾ ನಿಂತರೆ ಯೋಚನೆಯ ಎಳೆ ತಪ್ಪಿಹೋಗುತ್ತದೆ.

ಅಚ್ಚಾದ ಲೇಖನಗಳನ್ನು ಓದಿದವರಿಗೆ ಈ ಮಾತು ನಂಬಲು ಕಷ್ಟ. ಅವೆಲ್ಲಾ ಎಷ್ಟು ನೀಟಾಗಿರುತ್ತವೆ! ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಬರೆದವರು ಇದೇ ಸಾಲಿನಲ್ಲಿ ಯೋಚಿಸಿರಬೇಕು ಅನ್ನಿಸುತ್ತದೆ. 1963ರಲ್ಲಿ ಪೀಟರ್ ಮೆಡಾವರ್ ಎಂಬ ಬ್ರಿಟಿಷ್ ವಿಜ್ಞಾನಿ ಬಿಬಿಸಿ ರೇಡಿಯೊದಲ್ಲಿ ಇದರ ಬಗ್ಗೆಯೇ ಒಂದು ಭಾಷಣ ಮಾಡಿದರು. ಅವರು 1960ರಲ್ಲಿ ವೈದ್ಯವಿಜ್ಞಾನಕ್ಕೆ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ವಿಜ್ಞಾನದ ಲೇಖನ ಒಂದು ಮೋಸವೇ ಎಂದು ಅವರು ಕೇಳಿದರು. ಅದರೊಳಗಿನ ಸಂಗತಿಗಳು ಸುಳ್ಳು ಎಂಬ ಅರ್ಥದಲ್ಲಲ್ಲ. ಯೋಚನೆ ನಡೆದ ರೀತಿಯ ಬಗ್ಗೆ ಆ ಲೇಖನದ ಆಕಾರ ನಮಗೆ ತಪ್ಪು ಚಿತ್ರ ಕೊಡುತ್ತದೆ ಎಂಬುದು ಅವರ ಮಾತು. ಊಹೆ ಮೊದಲು ಬರುತ್ತದೆ, ಅದರ ಹಿಂದೆ ಪ್ರಯೋಗ ಬರುತ್ತದೆ. ಹಾಗಾಗಿ ಕೊನೆಯಲ್ಲಿರುವ ಚರ್ಚೆಯ ಭಾಗ ಲೇಖನದ ಆರಂಭಕ್ಕೇ ಬರಬೇಕು ಎಂದರು. ಆ ಸಲಹೆ ರೂಢಿಗೆ ಬರಲಿಲ್ಲ, ನಿಜ. ಆದರೆ ವಿದ್ಯಾರ್ಥಿಗೆ ಅದರಲ್ಲಿ ದೊಡ್ಡ ಧೈರ್ಯ ಇದೆ. ಓದುವ ಸಾಲಿನಲ್ಲೇ ಬರೆಯಬೇಕು ಅಂತ ಏನೂ ಇಲ್ಲ. ಅನುಭವಸ್ಥರು ಎಷ್ಟೋ ಜನ ವಿಧಾನದ ಭಾಗವನ್ನು ಮೊದಲು ಬರೆದುಬಿಡುತ್ತಾರೆ, ಏನು ಮಾಡಿದೆವು ಅಂತ ಅವರಿಗೆ ಖಚಿತವಾಗಿ ಗೊತ್ತಿರುತ್ತದೆ. ಪೀಠಿಕೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸಾರಾಂಶ ಅದಕ್ಕೂ ಆಮೇಲೆ. ಖಾಲಿ ಪುಟದ ಮುಂದೆ ಪೀಠಿಕೆಯ ಮೊದಲ ವಾಕ್ಯಕ್ಕಾಗಿ ದಿನಗಟ್ಟಲೆ ಒದ್ದಾಡುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೇರೆ ಎಲ್ಲಿಂದಲಾದರೂ ಶುರು ಮಾಡಬಹುದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಈಗ ಎರಡನೇ ಕರಡು. ಇದು ಪೂರ್ತಿ ಓದುಗರಿಗೆ ಸೇರಿದ್ದು. ಸಂಶೋಧನಾ ಪತ್ರಿಕೆಗಳ ಹುಟ್ಟನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ ಅಂಥ ಪತ್ರಿಕೆಯೊಂದನ್ನು ಶುರು ಮಾಡಿದಾಗ, ಅದರಲ್ಲಿ ಬಹಳಷ್ಟು ಇದ್ದದ್ದು ಬೇರೆ ಬೇರೆ ಊರುಗಳ ವಿದ್ವಾಂಸರು ಬರೆದ ಪತ್ರಗಳು. ಅದೇ ಕಾಲದ ವಿಜ್ಞಾನಿ ರಾಬರ್ಟ್ ಬಾಯ್ಲ್ ತನ್ನ ಪ್ರಯೋಗಗಳನ್ನು ತುಂಬಾ ವಿವರವಾಗಿ, ಸೋತ ಪ್ರಯೋಗಗಳನ್ನೂ ಬಿಡದೆ ಬರೆಯುತ್ತಿದ್ದ. ಪ್ರಯೋಗದ ಕೋಣೆಯಲ್ಲಿ ಇಲ್ಲದವರಿಗೂ ಕಣ್ಣಾರೆ ಕಂಡಷ್ಟು ನಂಬಿಕೆ ಬರಲಿ ಎಂಬ ಉದ್ದೇಶ ಅವನದು. ನಾವು ಬರೆಯುವಾಗಲೂ ಹೀಗೆ ಒಬ್ಬ ಓದುಗರನ್ನು ಎದುರಿಗೆ ಇಟ್ಟುಕೊಳ್ಳಬೇಕು. ಅವರು ಬುದ್ಧಿವಂತರು, ನಮ್ಮ ಕ್ಷೇತ್ರದ ಪರಿಚಯ ಇದ್ದವರು. ಆದರೆ ನಮ್ಮ ತಲೆಯೊಳಗೆ ಇರುವುದು ಅವರಿಗೆ ಕಾಣುವುದಿಲ್ಲ.

ಈ ಹಂತದಲ್ಲಿ ತುಂಬಾ ಉಪಯೋಗಕ್ಕೆ ಬರುವ ಒಂದು ಕೆಲಸ ಹೇಳುತ್ತೇನೆ. ಕರಡು ಮುಗಿದ ಮೇಲೆ ಒಂದೊಂದೇ ಪ್ಯಾರಾ ಓದಿ, ಅದು ಹೇಳುವ ಮಾತನ್ನು ಅಂಚಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಕೆಲವು ಪ್ಯಾರಾಗೆ ಎರಡು ಸಾಲು ಬೇಕಾಗುತ್ತದೆ. ಅಂದರೆ ಅದರಲ್ಲಿ ಎರಡು ವಿಷಯ ಸೇರಿಕೊಂಡಿವೆ, ಒಡೆಯಬೇಕು. ಕೆಲವಕ್ಕೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಅಂಥವನ್ನು ತೆಗೆದುಹಾಕಬೇಕು, ಎಷ್ಟೇ ಚೆನ್ನಾಗಿ ಬಂದಿದ್ದರೂ. ಆಮೇಲೆ ಅಂಚಿನ ಸಾಲುಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಒಂದು ಸಾಲಿನಿಂದ ಇನ್ನೊಂದಕ್ಕೆ ‘ಆದ್ದರಿಂದ’, ‘ಆದರೆ’, ‘ಯಾಕೆಂದರೆ’ ಅಂತ ಸೇರಿಸಿ ಹೋಗಲು ಸಾಧ್ಯವಾದರೆ ವಾದ ನಿಂತಿದೆ. ಬರೀ ‘ಮತ್ತು, ಮತ್ತು’ ಅಂತ ಸೇರಿಸಬೇಕಾದರೆ ಅದು ಇನ್ನೂ ಪಟ್ಟಿ. ಹಿಂದಿನ ಅಧ್ಯಯನಗಳ ಬಗ್ಗೆ ಬರೆಯುವ ಅಧ್ಯಾಯದಲ್ಲಂತೂ ಈ ರೋಗ ಜಾಸ್ತಿ. ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ ಅಂತ ಇಪ್ಪತ್ತು ಹೆಸರು ಸಾಲಾಗಿ ಬರುತ್ತವೆ. ಇವರಿಬ್ಬರೂ ಎಲ್ಲಿ ಒಪ್ಪುತ್ತಾರೆ, ಎಲ್ಲಿ ಜಗಳವಾಡುತ್ತಾರೆ, ಇಬ್ಬರೂ ನೋಡದೆ ಬಿಟ್ಟದ್ದು ಏನು, ಇದನ್ನು ಹೇಳಿದರೆ ಮಾತ್ರ ನಮ್ಮ ಕೆಲಸಕ್ಕೆ ಜಾಗ ಸಿಗುತ್ತದೆ.

ಇನ್ನು ಮಾತಿನ ತೂಕ. ನಲವತ್ತು ಜನರನ್ನು ಕೇಳಿ ‘ಯುವಜನರು ಓದುವುದನ್ನು ಬಿಟ್ಟಿದ್ದಾರೆ ಎಂಬುದು ಸಾಬೀತಾಗಿದೆ’ ಅಂತ ಬರೆದರೆ ಓದುಗರು ಅಲ್ಲೇ ನಿಲ್ಲುತ್ತಾರೆ. ‘ನಾವು ಕೇಳಿದ ನಲವತ್ತು ಜನರಲ್ಲಿ ಹೆಚ್ಚಿನವರು ಕಳೆದ ತಿಂಗಳು ಪಠ್ಯ ಬಿಟ್ಟು ಬೇರೆ ಪುಸ್ತಕ ಓದಿಲ್ಲ’ ಅಂದರೆ ಯಾರೂ ತಳ್ಳಿಹಾಕಲಾರರು. ಸಾಕ್ಷ್ಯ ಎಷ್ಟಿದೆಯೋ ಅಷ್ಟೇ ಹೇಳುವುದರಲ್ಲಿ ಒಂದು ಗಟ್ಟಿತನ ಇದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ಆನುವಂಶಿಕ ವಸ್ತುವಾದ ಡಿಎನ್ಎಯ ರಚನೆಯ ಬಗ್ಗೆ ಬರೆದ ಲೇಖನ ಅಚ್ಚಿನಲ್ಲಿ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆನುವಂಶಿಕ ವಸ್ತು ತನ್ನ ನಕಲನ್ನು ತಾನೇ ಹೇಗೆ ಮಾಡಿಕೊಳ್ಳಬಹುದು ಎಂಬ ಅಷ್ಟು ದೊಡ್ಡ ವಿಚಾರವನ್ನು ಅವರು ಅಲ್ಲಿ ಒಂದೇ ವಾಕ್ಯದಲ್ಲಿ, ಒಂದು ಸಾಧ್ಯತೆಯ ಸೂಚನೆಯಾಗಿ ಮಾತ್ರ ಮುಂದಿಟ್ಟರು.

ಆಕರಗಳ ವಿಷಯಕ್ಕೆ ಬರೋಣ. ಕೃತಿಚೌರ್ಯ ಅಂದ ಕೂಡಲೇ ಕದಿಯುವ ಉದ್ದೇಶ ಇದ್ದವರ ಚಿತ್ರ ಬರುತ್ತದೆ. ಎಷ್ಟೋ ಸಲ ತೊಂದರೆ ಶುರುವಾಗುವುದು ಟಿಪ್ಪಣಿ ಪುಸ್ತಕದಲ್ಲಿ. ಓದುವಾಗ ಒಂದು ವಾಕ್ಯ ಹಿಡಿಸಿತು, ಹಾಗೇ ಬರೆದುಕೊಂಡೆವು, ಉದ್ಧರಣ ಚಿಹ್ನೆ ಹಾಕಲಿಲ್ಲ, ಪುಟ ಸಂಖ್ಯೆಯೂ ಇಲ್ಲ. ಆರು ತಿಂಗಳಾದ ಮೇಲೆ ಅದು ನಮ್ಮದೇ ವಾಕ್ಯದ ಹಾಗೆ ಕಾಣುತ್ತದೆ. ಬರೆದುಕೊಳ್ಳುವಾಗಲೇ ಚಿಹ್ನೆ, ಹೆಸರು, ವರ್ಷ, ಪುಟ ಹಾಕಿಬಿಡಿ. ಸ್ವಂತ ಮಾತಿನಲ್ಲಿ ಹೇಳಬೇಕಾದರೆ ಪುಸ್ತಕ ಮುಚ್ಚಿ, ಗೆಳೆಯರಿಗೆ ಹೇಳಿದ ಹಾಗೆ ಬರೆದು, ಆಮೇಲೆ ತೆರೆದು ಹೋಲಿಸಿ. ಪುಸ್ತಕ ತೆರೆದಿಟ್ಟುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೆ ವಾಕ್ಯದ ಎಲುಬು ಮೂಲದವರದ್ದೇ ಆಗಿರುತ್ತದೆ. ಸ್ವಂತ ಮಾತಿನಲ್ಲಿ ಬರೆದರೂ ವಿಚಾರ ಅವರದ್ದೇ, ಉಲ್ಲೇಖ ಬೇಕೇ ಬೇಕು. ಉಲ್ಲೇಖದ ಶೈಲಿಗಳು ಹಲವು. ನಿಮ್ಮ ವಿಭಾಗ ಹೇಳಿದ ಶೈಲಿಯನ್ನು ಹಿಡಿದು, ಕೊನೆಯವರೆಗೂ ಅದನ್ನೇ ಪಾಲಿಸಿ. ಝೊಟೆರೊದಂಥ ಉಚಿತ ಸಾಫ್ಟ್‌ವೇರ್ ಆ ಕೆಲಸವನ್ನು ಹಗುರ ಮಾಡುತ್ತದೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಇಷ್ಟೆಲ್ಲಾ ಕಷ್ಟ ಯಾಕೆ ಅಂತ ಕೇಳುವವರಿದ್ದಾರೆ. ಇಂಥ ಯಂತ್ರಗಳು ಇಲ್ಲದ ಲೇಖನಗಳನ್ನು ಇರುವ ಹಾಗೆಯೇ, ಲೇಖಕರ ಹೆಸರು, ವರ್ಷ ಸಮೇತ ಉಲ್ಲೇಖಿಸಿದ್ದುಂಟು. ಹಾಗಾಗಿ ಅವು ಕೊಟ್ಟ ಪ್ರತಿ ಆಕರವನ್ನೂ ತೆರೆದು ನೋಡಲೇಬೇಕು. ಎಷ್ಟು ಬಳಸಬಹುದು ಎಂಬ ನಿಯಮ ಒಂದೊಂದು ಕಡೆ ಒಂದೊಂದು ಥರ, ಮೊದಲೇ ಕೇಳಿ ತಿಳಿದುಕೊಳ್ಳಿ. ನನ್ನ ಚಿಂತೆ ಇದಕ್ಕಿಂತ ಆಳದ್ದು. ಆ ಒರಟು ಮೊದಲ ಕರಡಿನಲ್ಲಿ ತಾನೇ ನಮ್ಮ ಪ್ರಶ್ನೆ ನಮಗೆ ಸಿಕ್ಕಿದ್ದು? ಹಾಸ್ಟೆಲ್ ಮತ್ತು ಬೆಳಗಿನ ತರಗತಿಯ ಸಂಬಂಧವನ್ನು ಗಮನಿಸಿದ್ದು ಅಲ್ಲಿರುವ ವಿದ್ಯಾರ್ಥಿ. ಅವಿಭಾಜ್ಯ ಅಂಗದ ವಾಕ್ಯವನ್ನಾದರೆ ಯಂತ್ರ ಎಷ್ಟು ಬೇಕಾದರೂ ಬರೆದುಕೊಡುತ್ತದೆ.

ಕೊನೆಯದಾಗಿ, ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸುವ ಬಗ್ಗೆ. ಅದಕ್ಕೂ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಉಸಿರು ಸಾಲದ ವಾಕ್ಯ, ಕರ್ತೃ ಎಲ್ಲೋ ಕ್ರಿಯಾಪದ ಎಲ್ಲೋ ಆಗಿರುವ ವಾಕ್ಯ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಗೈಡ್ ಹತ್ತಿರ ಹೋದಾಗ ‘ಮೇಡಂ, ಚೆನ್ನಾಗಿದೆಯಾ?’ ಅಂತ ಕೇಳಿದರೆ ‘ಪರವಾಗಿಲ್ಲ, ಇನ್ನೊಮ್ಮೆ ನೋಡಿ’ ಎಂಬ ಉತ್ತರ ಸಿಗಬಹುದು. ‘ಮೇಡಂ, ಎರಡನೇ ಭಾಗದಿಂದ ಮೂರನೇ ಭಾಗಕ್ಕೆ ಹೋಗುವಾಗ ನನ್ನ ವಾದ ತುಂಡಾಗಿದೆ ಅನ್ನಿಸ್ತಿದೆ, ಆ ಎರಡು ಪುಟ ನೋಡ್ತೀರಾ?’ ಅಂತ ಕೇಳಿ. ಕೆಲಸದ ಒತ್ತಡದಲ್ಲಿರುವವರೂ ಎರಡು ಪುಟ ಓದುತ್ತಾರೆ, ನಿಮಗೆ ಬೇಕಾದ ಜಾಗದಲ್ಲೇ ಸಹಾಯ ಸಿಗುತ್ತದೆ.

ಅವರು ಕೆಂಪು ಗೆರೆ ಎಳೆದ ವಾಕ್ಯವನ್ನು ಮಾತ್ರ ಸರಿಪಡಿಸಿ ಸುಮ್ಮನಾಗಬೇಡಿ. ಒಂದು ಕಡೆ ‘ಹೇಗೆ?’ ಎಂದು ಬರೆದಿದ್ದರೆ, ಅಂಥದೇ ಸಾಕ್ಷ್ಯವಿಲ್ಲದ ಮಾತು ಇನ್ನೂ ನಾಲ್ಕು ಕಡೆ ಇದ್ದೀತು, ಹುಡುಕಿ. ಹಿಂದಿನ ಎರಡು ಮೂರು ಅಸೈನ್‌ಮೆಂಟ್ ತೆಗೆದು ನೋಡಿದರೆ ಮತ್ತೆ ಮತ್ತೆ ಬಂದಿರುವ ಟಿಪ್ಪಣಿ ಯಾವುದು ಅಂತ ತಿಳಿಯುತ್ತದೆ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡು, ಮುಂದಿನ ಕರಡನ್ನು ತಿದ್ದುವಾಗ ಎದುರಿಗೆ ತೆರೆದಿಟ್ಟುಕೊಳ್ಳಿ.

ನಮಸ್ಕಾರ.