ಮೂರು ಕಡ್ಡಿಯ ಹಟ

[ದೃಶ್ಯ: ಮೇಜಿನ ಮೇಲೆ ಐಸ್‌ಕ್ರೀಂ ಕಡ್ಡಿಗಳ ಚೌಕ, ಮೂಲೆಗಳಿಗೆ ಗುಂಡುಪಿನ್ನು]

ನಾಲ್ಕು ಕಡ್ಡಿ, ನಾಲ್ಕು ಪಿನ್ನು. ಚೌಕ ಆಯಿತು. ಒಂದು ಮೂಲೆ ಹಿಡಿದು ಸುಮ್ನೆ ತಳ್ಳುತ್ತೇನೆ, ನೋಡಿ. ವಾಲಿಬಿಟ್ಟಿತು! ಕಡ್ಡಿಗಳ ಉದ್ದ ಅಷ್ಟೇ ಇದೆ, ಆಕಾರ ಬೇರೆಯಾಯಿತು.

ಒಂದು ಕಡ್ಡಿ ತೆಗೆದು ಮೂರನ್ನೇ ಜೋಡಿಸೋಣ. ಈಗ ತಳ್ಳಿ. ಇನ್ನೂ ಜೋರಾಗಿ. ಕಡ್ಡಿ ಮುರಿದೀತೇ ಹೊರತು ಆಕಾರ ಬದಲಾಗುವುದಿಲ್ಲ. ಮರದ ಗೇಟಿಗೆ ಬಡಗಿ ಓರೆಯಾಗಿ ಒಂದು ಪಟ್ಟಿ ಹೊಡೆಯುವುದು ಇದಕ್ಕೇ. ಜೋತುಬೀಳುವ ಆಯತ ಆಗ ಎರಡು ತ್ರಿಭುಜವಾಗುತ್ತದೆ.

ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಭುಜದ ಆಕಾರ ಒಂದೇ. ಶಾಲೆಯಲ್ಲಿ ಇದನ್ನು ‘ಬಾಹು-ಬಾಹು-ಬಾಹು’ ಎಂದು ಬಾಯಿಪಾಠ ಮಾಡಿದ್ದೆವು. ಯಾಕೆ ಹೀಗೆ ಅಂತ ನಾನಂತೂ ಕೇಳಿರಲಿಲ್ಲ. ಕೈವಾರ ತೆಗೆದರೆ ಉತ್ತರ ಕಣ್ಣೆದುರೇ ಇದೆ.

[ದೃಶ್ಯ: ಕಾಗದ, ಕೈವಾರ]

7 ಸೆಂ.ಮೀ. ಗೆರೆ ಎಳೆಯಿರಿ. ಎಡತುದಿಯಿಂದ 5 ಸೆಂ.ಮೀ. ತ್ರಿಜ್ಯದ ವೃತ್ತ, ಬಲತುದಿಯಿಂದ 6. ಮೂರನೇ ಮೂಲೆ ಎರಡೂ ವೃತ್ತಗಳ ಮೇಲೆ ಇರಬೇಕು, ಅಲ್ವಾ? ವೃತ್ತಗಳು ಕೂಡುವುದು ಎರಡೇ ಕಡೆ, ಗೆರೆಯ ಮೇಲೊಂದು, ಕೆಳಗೊಂದು. ಕಾಗದವನ್ನು ಗೆರೆಯ ಗುಂಟ ಮಡಚಿ. ಒಂದರ ಮೇಲೊಂದು ಕೂತವು. ಅಂದರೆ ಸಿಕ್ಕಿದ್ದು ಒಂದೇ ತ್ರಿಭುಜ, ಇನ್ನೊಂದು ಅದರ ಕನ್ನಡಿ ಬಿಂಬ. ಅದೇ 3, 4, 8 ಕೊಟ್ಟರೆ? 8ರ ಗೆರೆಯ ಮೇಲೆ ವೃತ್ತಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ಬರೀ ಮೂರು ಕೋನ ಸಾಲದು. 60, 60, 60 ಅಂದರೆ ಅಂಗೈಯಗಲವೂ ಇರಬಹುದು, ಊರಗಲವೂ ಇರಬಹುದು.

ಇನ್ನೊಂದು ಕಿತಾಪತಿ ಇದೆ. ಕೋನ 30 ಡಿಗ್ರಿ, ಪಕ್ಕದ ಬಾಹು 10, ಕೋನಕ್ಕೆ ಎದುರಿನದು 6. ಎರಡು ಬೇರೆಬೇರೆ ತ್ರಿಭುಜ ಬರುತ್ತವೆ! ಎದುರಿನದನ್ನು 5 ಮಾಡಿದರೆ ಒಂದೇ. 4 ಮಾಡಿದರೆ ಒಂದೂ ಇಲ್ಲ. ನನ್ನ ಮಾರ್ಕ್ಸ್ ಹೋಗುತ್ತಿದ್ದದ್ದು ಇಲ್ಲೇ.

[ದೃಶ್ಯ: ಮದ್ರಾಸಿನಿಂದ ಬೆಂಗಳೂರಿಗೆ ತ್ರಿಭುಜಗಳ ಸಾಲು]

ಆದರೆ ಒಂದು ಬಾಹು, ಅದರ ಎರಡು ತುದಿಯ ಕೋನ ಗೊತ್ತಿದ್ದರೆ ಯಾವ ತಕರಾರೂ ಇಲ್ಲ. ಅದನ್ನೇ ನಂಬಿ 1802ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ನೆಲದ ಸರ್ವೆಗಾಗಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿ.ಮೀ. ನೆಲವನ್ನು ಸರಪಳಿ ಹಾಕಿ ಅಳೆದರು. ಆಮೇಲೆ ಅರ್ಧ ಟನ್ ತೂಕದ ಥಿಯೋಡೊಲೈಟ್ ಎಂಬ ಕೋನಮಾಪಕ ಯಂತ್ರ ಹೊತ್ತು ಕೋನ ಅಳೆಯುವುದೇ ಕೆಲಸ. ಒಂದು ತ್ರಿಭುಜದ ಬಾಹು ಮುಂದಿನದಕ್ಕೆ ಬುಡ. ಸಾಲು ಬೆಂಗಳೂರು ಮುಟ್ಟಿತು. 1804ರಲ್ಲಿ ಇಲ್ಲಿ ಮತ್ತೆ ಸರಪಳಿ ಹಾಸಿ ತಾಳೆ ನೋಡಿದರು. ಲೆಕ್ಕದ ಉದ್ದಕ್ಕೂ ನೆಲದ ಉದ್ದಕ್ಕೂ ವ್ಯತ್ಯಾಸ ಕೆಲವೇ ಇಂಚು.