ಶತ್ರುವಿನ ಕಣ್ಣೀರಿಗೆ ಬಹುಮಾನ

ಕೇಳುಗರೇ, ನಮಸ್ಕಾರ.

ನಾಟಕ ಬರೆದು ದಂಡ ತೆತ್ತ ಒಬ್ಬ ಕವಿಯಿಂದ ಶುರು ಮಾಡೋಣ. ಹೆಸರು ಫ್ರಿನಿಕಸ್, ಊರು ಅಥೆನ್ಸ್. ಕ್ರಿ.ಪೂ. 494ರಲ್ಲಿ ಪರ್ಷಿಯಾದ ಸೈನ್ಯ ಮಿಲೆಟಸ್ ಎಂಬ ಗ್ರೀಕ್ ಪಟ್ಟಣವನ್ನು ಹಾಳುಗೆಡವಿತು. ಅಲ್ಲಿಯವರು ಅಥೆನ್ಸಿನವರಿಗೆ ನೆಂಟರಿದ್ದ ಹಾಗೆ. ಫ್ರಿನಿಕಸ್ ಅದನ್ನೇ ನಾಟಕ ಮಾಡಿದ. ನೋಡಿದವರೆಲ್ಲ ಗೊಳೋ ಎಂದು ಅತ್ತರು. ಆಮೇಲೆ ಅವನಿಗೇ 1000 ದ್ರಾಕ್ಮಾ ದಂಡ ಹಾಕಿದರು. ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಎಂದರು. ನಮ್ಮ ದುಃಖ ನಮಗೇ ನೆನಪಿಸಿದ ಅನ್ನುವುದು ಅವನ ಮೇಲಿನ ದೂರು. ಇದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟ ಸಂಗತಿ.

ಇಷ್ಟು ಸಿಟ್ಟು ಯಾಕೆ? ಅಲ್ಲಿ ನಾಟಕ ಸುಮ್ನೆ ಹೊತ್ತು ಕಳೆಯುವುದಕ್ಕೆ ಇರಲಿಲ್ಲ, ಅದು ಇಡೀ ಊರಿನ ಕೆಲಸ. ವಸಂತದಲ್ಲಿ ಡಯೊನಿಸಸ್ ದೇವರ ಹಬ್ಬ. ಯಾವ ಕವಿಗೆ ಅವಕಾಶ ಎಂದು ಆರ್ಕನ್ ಎಂಬ ಅಧಿಕಾರಿ ತೀರ್ಮಾನಿಸುತ್ತಿದ್ದ. ಮೇಳದ ಖರ್ಚು ಒಬ್ಬ ಸಾಹುಕಾರನ ತಲೆಗೆ. ಬಹುಮಾನ ಯಾರಿಗೆ ಎಂದು ಹೇಳುವವರನ್ನು ಹತ್ತು ಪಂಗಡಗಳಿಂದ ಚೀಟಿ ಎತ್ತಿ ಆರಿಸುತ್ತಿದ್ದರು. ಹಬ್ಬ ಮುಗಿದ ಮೇಲೆ ಜನ ಅಲ್ಲೇ ಸಭೆ ಸೇರಿ, ಯಾರಾದರೂ ಗಲಾಟೆ ಮಾಡಿದರಾ ಎಂದೂ ವಿಚಾರಿಸುತ್ತಿದ್ದರು.

ಈಗ ಕ್ರಿ.ಪೂ. 472ಕ್ಕೆ ಬನ್ನಿ. ಎಂಟು ವರ್ಷದ ಹಿಂದೆ ಪರ್ಷಿಯಾದವರು ಅಥೆನ್ಸನ್ನು ಸುಟ್ಟು, ಸಾಲಮಿಸ್‌ನಲ್ಲಿ ನಡೆದ ಕಡಲ ಯುದ್ಧದಲ್ಲಿ ಸೋತು ಹೋಗಿದ್ದರು. ಕವಿ ಏಸ್ಕಿಲಸ್ ಆ ಯುದ್ಧವನ್ನೇ ರಂಗಕ್ಕೆ ತಂದ. ಬಿ.ಎಂ.ಶ್ರೀಯವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದದ್ದು ಇದೇ ನಾಟಕ. ಖರ್ಚು ಹೊತ್ತವನು ಮುಂದೆ ಅಥೆನ್ಸಿನ ದೊಡ್ಡ ನಾಯಕನಾದ, ಆಗ ಇನ್ನೂ ಎಳೆಯ ವಯಸ್ಸಿನ ಪೆರಿಕ್ಲಿಸ್. ಕತೆ ನಡೆಯುವುದು ಶತ್ರುವಿನ ಅರಮನೆಯಲ್ಲಿ. ಅಥೆನ್ಸಿನವರಿಗೆ ಒಡೆಯ ಯಾರು ಎಂದು ರಾಜಮಾತೆ ಕೇಳುತ್ತಾಳೆ. ಅವರು ಯಾರ ಗುಲಾಮರೂ ಅಲ್ಲ, ಯಾರ ಆಳುಗಳೂ ಅಲ್ಲ ಎಂದು ಆಸ್ಥಾನದ ಮುದುಕರು ಹೇಳುತ್ತಾರೆ. ಬೀಗುವ ಮಾತೇ, ಅಲ್ವಾ? ಆದರೆ ಆಮೇಲಿನದೆಲ್ಲ ಸತ್ತ ಪರ್ಷಿಯನ್ನರಿಗಾಗಿ ಅಳು. ಕೊನೆಗೆ ಸೋತ ರಾಜ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಸಾಲಮಿಸ್‌ನಲ್ಲಿ ಹುಟ್ಟು ಹಾಕಿದ್ದವರು ಕೂತು ಅದನ್ನು ನೋಡಿದರು, ಮೊದಲ ಬಹುಮಾನವನ್ನೂ ಕೊಟ್ಟರು.

ತಮ್ಮವರ ಅಳುವಿಗೆ ದಂಡ, ಹಗೆಯವರ ಅಳುವಿಗೆ ಬಹುಮಾನ. ಇದನ್ನು ಬರೀ ಢೋಂಗಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೇರವಾಗಿ ಕೇಳಲಾಗದ್ದನ್ನು ದೂರದವರ ಬಾಯಲ್ಲಾದರೆ ಕೇಳಬಹುದು. ಮುಂದಿನ ಕವಿಗಳು ಥೀಬ್ಸ್, ಟ್ರಾಯ್ ಎಂದು ಹಳೆಯ ಕತೆಗಳ ಊರುಗಳಿಗೇ ಹೋದದ್ದರಲ್ಲಿ ಈ ಜಾಣತನವೂ ಇದೆ.

ಕ್ರಿ.ಪೂ. 415ರಲ್ಲಿ ಕವಿ ಯೂರಿಪಿಡೀಸ್ ಇದನ್ನು ತುದಿಗೇ ಒಯ್ದ. ಹಿಂದಿನ ಚಳಿಗಾಲದಲ್ಲಷ್ಟೇ ಅಥೆನ್ಸಿನವರು ಮೀಲೊಸ್ ದ್ವೀಪದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದ್ದರು. ನಾಟಕದಲ್ಲಿ ಟ್ರಾಯ್‌ನ ಹೆಂಗಸರು ಗೆದ್ದ ಗ್ರೀಕರಿಗೆ ಗುಲಾಮರಾಗಿ ಹಂಚಿಹೋಗಲು ಕಾದು ಕೂತಿದ್ದಾರೆ. ಮೀಲೊಸ್ ಬೀಳುವ ಮುಂಚೆಯೇ ಅವನು ಇದನ್ನು ಬರೆಯಲು ಶುರು ಮಾಡಿದ್ದಿರಬಹುದು. ಆದರೂ ನೋಡುವವರಿಗೆ ಮೀಲೊಸ್ ನೆನಪಾಗದೇ ಇದ್ದೀತಾ?

ಈ ಹಬ್ಬದಲ್ಲೇ ಇನ್ನೊಂದು ಪದ್ಧತಿ ಇತ್ತು. ಯುದ್ಧದಲ್ಲಿ ಅಪ್ಪ ಸತ್ತ ಹುಡುಗರನ್ನು ಊರೇ ಸಾಕುತ್ತಿತ್ತು. ಪ್ರಾಯಕ್ಕೆ ಬಂದವರನ್ನು ನಾಟಕಕ್ಕೆ ಮುಂಚೆ ಕವಚ, ಆಯುಧ ತೊಡಿಸಿ ಎಲ್ಲರೆದುರು ನಡೆಸುತ್ತಿದ್ದರು. ಯೂರಿಪಿಡೀಸನ ನಾಟಕದಲ್ಲಿ, ಕೋಟೆಯಿಂದ ಎಸೆದು ಕೊಂದ ಪುಟ್ಟ ಹುಡುಗನ ಹೆಣವನ್ನು ಸತ್ತ ಅಪ್ಪನ ಗುರಾಣಿಯ ಮೇಲಿಟ್ಟು ತರುತ್ತಾರೆ. ಅಜ್ಜಿ ಅದಕ್ಕೆ ಬಟ್ಟೆ ಸುತ್ತುತ್ತಾಳೆ.

ದಂಡವೇನೂ ಬೀಳಲಿಲ್ಲ, ಎರಡನೇ ಸ್ಥಾನ ಸಿಕ್ಕಿತು. ಮೊದಲನೆಯದು ಕ್ಸೆನೊಕ್ಲಿಸ್ ಎಂಬವನಿಗೆ. ಅವನ ನಾಟಕ ಒಂದೂ ಉಳಿದಿಲ್ಲ. ಅದೇ ಬೇಸಿಗೆಯಲ್ಲಿ ಅಥೆನ್ಸಿನ ಹಡಗುಗಳು ಸಿಸಿಲಿಯ ಮೇಲೆ ಯುದ್ಧಕ್ಕೆ ಹೊರಟವು.