ಖಾಲಿ ಕಾಣುವ ಪಥ

ಕೇಳುಗರಿಗೆಲ್ಲ ನಮಸ್ಕಾರ.

ಸಂಜೆ ಹೊತ್ತಿನಲ್ಲಿ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಕಾರು, ಬೈಕು, ಆಟೊ ಎಲ್ಲ ಒತ್ತಿಕೊಂಡು ನಿಂತಿರುತ್ತವೆ. ಪಕ್ಕದಲ್ಲೇ ಎರಡೂ ಊರುಗಳ ನಡುವೆ ಓಡುವ ‘ಚಿಗರಿ’ ಬಸ್ಸುಗಳಿಗೆ ಮೀಸಲಾದ ಪಥ. ನೋಡಿದರೆ ಬಣಬಣ. ‘ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ, ನಮಗೂ ಬಿಡಬಾರದಾ?’ ಅನ್ನುವ ಮಾತು ಆಗ ಯಾರ ಬಾಯಲ್ಲಾದರೂ ಬರುತ್ತದೆ. ಬಿಸಿಲಲ್ಲಿ, ಹೊಗೆಯಲ್ಲಿ ನಿಂತವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಪಥ ಖಾಲಿ ಇಲ್ಲ. ಹೇಗೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ.

ಒಂದು ಬಸ್ಸಿನಲ್ಲಿ 60 ಜನ ಇದ್ದಾರೆ ಅಂದುಕೊಳ್ಳಿ. ಬಸ್ಸಿನ ಉದ್ದ 12 ಮೀಟರ್. ಅಷ್ಟೇ ಜನ ಕಾರಿನಲ್ಲಿ ಹೊರಟರೆ? ಒಂದು ಕಾರಿಗೆ ಸರಾಸರಿ ಒಂದೂವರೆ ಜನ ಅಂತ ಹಿಡಿದರೂ 40 ಕಾರು ಬೇಕು. ನಡುವಿನ ಸಂದು ಸೇರಿ ಒಂದಕ್ಕೆ 6 ಮೀಟರ್ ಅಂದರೆ 240 ಮೀಟರ್ ಉದ್ದದ ಸಾಲು. ಎರಡು ನಿಮಿಷಕ್ಕೊಂದು ಇಂಥ ಬಸ್ಸು ಬಂದರೆ ಗಂಟೆಗೆ 1,800 ಜನ ಆ ಪಥದಲ್ಲಿ ಹೋಗುತ್ತಾರೆ. ಅವರನ್ನೆಲ್ಲ ಕಾರಿಗೆ ಹತ್ತಿಸಿದರೆ ಗಂಟೆಗೆ 1,200 ಕಾರು, ಅಂದರೆ ಮೂರು ಸೆಕೆಂಡಿಗೊಂದು. ಸಿಗ್ನಲ್ ಇರುವ ಊರ ರಸ್ತೆಯ ಒಂದೇ ಪಥಕ್ಕೆ ಅದು ಬಹಳ ಕಷ್ಟದ ಮಾತು. ಬಸ್ಸಾದರೆ ಕೆಲವೇ ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಮುಂದಿನ ಬಸ್ಸು ಬರುವವರೆಗೆ ನಿಮಗೆ ಕಾಣುವುದು ಬರೀ ರಸ್ತೆ. ಖಾಲಿ ಕಾಣುತ್ತಿದೆ ಅಂದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಸುಮಾರು 22 ಕಿಲೋಮೀಟರಿನ ಈ ಮಾರ್ಗದಲ್ಲಿ ಚಿಗರಿ ಬಸ್ಸುಗಳ ಪ್ರಾಯೋಗಿಕ ಓಡಾಟ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ವಿಧ್ಯುಕ್ತ ಉದ್ಘಾಟನೆ ಆಗಿದ್ದು 2020ರ ಫೆಬ್ರವರಿಯಲ್ಲಿ. ವಿಶ್ವಬ್ಯಾಂಕಿನ ನೆರವೂ ಇದಕ್ಕೆ ಸಿಕ್ಕಿತ್ತು. ನಿಲ್ದಾಣ ರಸ್ತೆಯ ನಡುವೆ ಇದೆ. ಅದಕ್ಕೇ ಬಸ್ಸಿನ ಬಾಗಿಲು ಬಲಗಡೆ. ಟಿಕೆಟ್ಟನ್ನು ನಿಲ್ದಾಣದಲ್ಲೇ ತೆಗೆದುಕೊಂಡಿರುತ್ತೀರಿ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಮೊಣಕಾಲು ನೋವಿರುವವರಿಗೆ, ಕೂಸನ್ನು ಎತ್ತಿಕೊಂಡ ತಾಯಿಗೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಹತ್ತಿ ಇಳಿದವರಿಗೇ ಗೊತ್ತು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ, ಧಾರವಾಡದ ಕಾಲೇಜುಗಳಿಗೆ ಹೋಗುವವರಲ್ಲಿ ಎಷ್ಟೋ ಜನರಿಗೆ ಸ್ವಂತ ವಾಹನ ಇಲ್ಲ. ಆ ಪಥ ಅವರದ್ದು.

ಜನರನ್ನು ಸಾಗಿಸುವುದಕ್ಕೆ ಗಮನ ಕೊಡಿ, ವಾಹನಗಳನ್ನು ಸಾಗಿಸುವುದಕ್ಕಲ್ಲ ಅಂತ ನಮ್ಮ ದೇಶದ ನಗರ ಸಾರಿಗೆ ನೀತಿಯೇ 2006ರಲ್ಲಿ ಹೇಳಿದೆ. ಹೇಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ಬಸ್ ಪಥ ಮಾಡಿದರು. ಅದು ಆರು ಕಿಲೋಮೀಟರ್ ಕೂಡ ಇರಲಿಲ್ಲ. ಕಾರಿನವರ ದೂರು ನಿಲ್ಲಲೇ ಇಲ್ಲ. ಕೊನೆಗೆ ಅದನ್ನು ಕಿತ್ತುಹಾಕಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ 2019ರಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ಸಿಗೆ ಬೇರೆ ಪಥ ಬಿಟ್ಟಿದ್ದರು. ಆಮೇಲೆ ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಅಳಿಸಿಹೋಯಿತು. ರಾಜಧಾನಿಗೆ ಉಳಿಸಿಕೊಳ್ಳಲು ಆಗದ್ದು ಹುಬ್ಬಳ್ಳಿ–ಧಾರವಾಡದ ಕೈಯಲ್ಲಿ ಇನ್ನೂ ಇದೆ. ಅದಕ್ಕೇ ನನಗೆ ಇಷ್ಟು ಕಳಕಳಿ.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಮಳೆ ಬಂದಾಗ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಂತು ಜನ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಊರೊಳಗಿನ ಇಕ್ಕಟ್ಟಿನ ಜಾಗದಲ್ಲಿ ಚಿಗರಿಯೂ ಉಳಿದ ವಾಹನಗಳ ಜೊತೆಯೇ ತೆವಳಬೇಕು. ಬಡಾವಣೆಗಳಿಂದ ನಿಲ್ದಾಣಕ್ಕೆ ಬರಲು ಸಣ್ಣ ಬಸ್ಸುಗಳು ಇನ್ನೂ ಜಾಸ್ತಿ ಬೇಕು. ಮನೆಯಿಂದ ನಿಲ್ದಾಣಕ್ಕೆ ಆಟೊಗೆ ಕೊಡುವ ದುಡ್ಡು ಬಸ್ ಟಿಕೆಟ್ಟಿಗಿಂತ ಹೆಚ್ಚಾದರೆ ಯಾರು ತಾನೇ ಬಸ್ಸಿಗೆ ಬರುತ್ತಾರೆ? ಸ್ಕೂಟರ್ ತೆಗೆದುಕೊಂಡೇ ಹೋಗುತ್ತಾರೆ, ಅಲ್ವಾ?

ಇವೆಲ್ಲ ದುರಸ್ತಿ ಮಾಡಬಹುದಾದ ಕೊರತೆಗಳು. ಪಥವನ್ನು ಎಲ್ಲರಿಗೂ ಬಿಟ್ಟುಕೊಟ್ಟರೆ ಮಾತ್ರ ದುರಸ್ತಿಗೆ ಏನೂ ಉಳಿಯುವುದಿಲ್ಲ. ಹೊಸ ಜಾಗ ಸಿಕ್ಕಿತು ಅಂತ ಇನ್ನಷ್ಟು ಕಾರು, ಬೈಕು ರಸ್ತೆಗೆ ಇಳಿಯುತ್ತವೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಸಾಲು. ಆಗ ಬಸ್ಸೂ ಆ ಸಾಲಿನಲ್ಲೇ ನಿಂತಿರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ರಸ್ತೆ ದಾಟುವ ವಿಷಯ. ನಿಲ್ದಾಣ ನಡುವೆ ಇರುವುದರಿಂದ ಬಸ್ ಹತ್ತುವವರೂ ಇಳಿಯುವವರೂ ವಾಹನಗಳ ನಡುವೆ ಅರ್ಧ ರಸ್ತೆ ದಾಟಲೇಬೇಕು. ಮೇಲ್ಸೇತುವೆ ಕಟ್ಟಿ, ಹತ್ತಿ ಇಳಿಯಿರಿ ಅಂದರೆ ವಯಸ್ಸಾದವರಿಗೆ ಆಗುತ್ತದೆಯೇ? ನೆಲದ ಮೇಲೆಯೇ ದಾಟುವ ಹಾಗೆ ಸಿಗ್ನಲ್ ಇರಬೇಕು, ಅದು ಕೆಟ್ಟು ನಿಲ್ಲಬಾರದು, ಕೆಂಪು ದೀಪ ಬಿದ್ದಾಗ ಗಾಡಿಗಳು ನಿಲ್ಲಬೇಕು. ಹಸಿರು ದೀಪದ ಹೊತ್ತನ್ನು ಕಚೇರಿಯಲ್ಲಿ ಕೂತು ಗೊತ್ತು ಮಾಡುವುದು ಬೇಡ. ಅಧಿಕಾರಿಗಳು ಒಂದು ಬೆಳಿಗ್ಗೆ ನಿಲ್ದಾಣದ ಎದುರು ನಿಲ್ಲಲಿ. ಕೋಲೂರಿಕೊಂಡು ಬರುವ ಅಜ್ಜಿಗೆ ಈ ಬದಿಯಿಂದ ನಿಲ್ದಾಣ ಮುಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ಹಿಡಿದು ನೋಡಲಿ. ಅಷ್ಟು ಸೆಕೆಂಡ್ ಕೊಡಲಿ.

ನಮಸ್ಕಾರ.